ಕೊರಳಲ್ಲಿ ಗಂಟೆಯಿದ್ದ ಆನೆ

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಎನ್ನುತ್ತಾರೆ. ಆಯಿತು, ಒಪ್ಪಿದೆ. ಸುಳ್ಳು ಮಾತು ಆಡಬಹುದು ಎಂದು ಎಲ್ಲಿ ಬರೆದಿದೆಯೋ ಅದನ್ನು ಮಾತ್ರ ಯಾರಾದರೂ ನನಗೆ ತೋರಿಸಬೇಕು. ಕಾಕು ತೀರಿಕೊಂಡ ಮೇಲೆ ಬಸದಿಯ ಅಂಗಳದಲ್ಲಿ ಜಮಖಾನೆ ಹಾಸಿ ಶೋಕಸಭೆ ಮಾಡಿದರು. ಆಕೆಯ ಗಂಡನ ಅಣ್ಣ ಮೈಕಿನ ಮುಂದೆ ನಿಂತು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, "ಆಕಿ ತ್ಯಾಗಮೂರ್ತಿರಿ. ಇದು ನಂದು, ಅದು ನಂದು ಅಂತ ಒಂದ ದಿನಾ ಅಂದಾಕಿ ಅಲ್ಲ" ಎಂದ. ಕೂತವರೆಲ್ಲ ತಲೆಯಾಡಿಸಿದರು. ನಾನು ಹೆಂಗಸರ ಸಾಲಿನಲ್ಲಿ ಹಲ್ಲು ಕಚ್ಚಿಕೊಂಡು ಕೂತೆ. ಅದೇ ಮನುಷ್ಯನ ಮುಖದೆದುರು ಆಕೆ "ಇದು ನಂದು" ಎಂದದ್ದನ್ನು ಈ ಕಿವಿಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಸದಲಗಾದಿಂದ ಏಕಸಂಬಿಗೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗೆ, ದೂಧಗಂಗೆಯ ಮಗ್ಗುಲಿಗಿದೆ ಎಂದರೆ ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತದೆ. ಎಂಬತ್ತರ ದಶಕದ ಮೊದಲಿಗೆ ಅಲ್ಲಿಯ ಹೈಸ್ಕೂಲಿಗೆ ಇತಿಹಾಸ ಕಲಿಸಲು ಗದಗಿನ ಕಡೆಯಿಂದ ಬಂದವಳು ನಾನು. ಇಳಿದುಕೊಂಡದ್ದು ಕಾಕುವಿನ ಮನೆಯ ಮುಂದಿನ ಕೋಣೆಯಲ್ಲಿ. ಊರಿಗೆಲ್ಲ ಆಕೆ ಕಾಕು, ಅಂದರೆ ಚಿಕ್ಕಮ್ಮ. ಹೆಸರು ಹಿಡಿದು ಕರೆಯುತ್ತಿದ್ದದ್ದು ಗಂಡ ಒಬ್ಬನೇ, ನಾನು ಬಂದ ಮರುವರ್ಷ ಅವನೂ ಎದೆನೋವು ಎಂದು ಮಲಗಿದವನು ಏಳಲಿಲ್ಲ. ಮಕ್ಕಳಿರಲಿಲ್ಲ.

ಕಾಕು ಒಳ್ಳೆಯ ಸ್ವಭಾವದವಳು ಎಂದು ನಾನು ಹೇಳುವುದಿಲ್ಲ. ಅದನ್ನು ಹೇಳಲು ಮೈಕಿನ ಮುಂದೆ ಬೇಕಾದಷ್ಟು ಜನ ಇದ್ದರು. ಮಜ್ಜಿಗೆ ಕೇಳಲು ಬಂದ ನೆರೆಯವಳಿಗೆ "ಯಾಕ, ನಿಮ್ಮ ಎಮ್ಮಿ ದೀಕ್ಷಾ ತಗೊಂಡೈತೇನು?" ಎನ್ನುವಳು. ಅವರದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ನಾನು ಕತ್ತಲಾದ ಮೇಲೆ ಒಗ್ಗರಣೆ ಹಾಕಿದರೆ ಗೋಡೆಯಾಚೆಯಿಂದ, "ದೆವ್ವಗೋಳು ಉಣ್ಣು ಹೊತ್ತಾತು ನೋಡು" ಎಂಬ ಮಾತು ಬರುತ್ತಿತ್ತು. ಬಯ್ದು ಮುಗಿದ ಮೇಲೆ ರೊಟ್ಟಿಯ ಜೊತೆಗೆಂದು ಒಂದು ಬಟ್ಟಲು ಶೇಂಗಾ ಹಿಂಡಿಯೂ ಬರುತ್ತಿತ್ತು, ಅದು ಬೇರೆ ಮಾತು.

ಆ ಊರಿನ ಬಸದಿಯಲ್ಲಿ ಒಂದು ಚಿತ್ರವಿತ್ತು. ಬಾವಿಯ ಚಿತ್ರ. ಅಂಥದ್ದು ಎಷ್ಟೋ ಬಸದಿಗಳಲ್ಲಿದೆ, ಆದರೆ ಇದಕ್ಕೆ ದೊಡ್ಡ ಹೆಸರು. ಕಾಗವಾಡ, ಅಥಣಿ, ನಿಪ್ಪಾಣಿಯಿಂದ ಜನ ಇದನ್ನು ನೋಡಲಿಕ್ಕೇ ಬರುತ್ತಿದ್ದರು. ಕೊಲ್ಹಾಪುರದ ಅರಮನೆಯಲ್ಲಿ ಕೆಲಸ ಮಾಡಿದ್ದ ಚಿತ್ರಗಾರನೊಬ್ಬ ಮುತ್ತಜ್ಜರ ಕಾಲದಲ್ಲಿ ಗೋಡೆಯ ತುಂಬ ಬರೆದದ್ದಂತೆ. ಕಾಡಿನಲ್ಲಿ ಆನೆ ಅಟ್ಟಿಸಿಕೊಂಡು ಬಂದಿದೆ, ಮನುಷ್ಯನೊಬ್ಬ ಓಡಿ ಪಾಳುಬಾವಿಯ ಮೇಲೆ ಚಾಚಿದ ಕೊಂಬೆಗೆ ಜೋತುಬಿದ್ದಿದ್ದಾನೆ. ಬುಡದಲ್ಲಿ ಹೆಬ್ಬಾವು, ನಾಲ್ಕು ಮೂಲೆಗೆ ನಾಲ್ಕು ಹಾವು. ಕೊಂಬೆಯನ್ನು ಒಂದು ಬಿಳಿ ಇಲಿ, ಒಂದು ಕರಿ ಇಲಿ ಕಡಿಯುತ್ತಿವೆ. ಮೇಲೆ ಜೇನುಗೂಡು, ಅದರಿಂದ ತೊಟ್ಟಿಕ್ಕುವ ಹನಿಗೆ ಅವನು ಬಾಯಿ ತೆರೆದಿದ್ದಾನೆ. ಆಕಾಶದ ವಿಮಾನದಲ್ಲಿ ಹೆಂಡತಿಯೊಡನೆ ಬಂದ ವಿದ್ಯಾಧರ "ಬಾರೋ, ಎತ್ತಿಕೊಳ್ಳುತ್ತೇನೆ" ಎಂದರೆ ಇವನು "ತಡಿ, ಇನ್ನೊಂದ ಹನಿ" ಎನ್ನುತ್ತಾನೆ. ಆನೆ ಎಂದರೆ ಸಾವು, ಬಾವಿ ಸಂಸಾರ, ಇಲಿಗಳು ಹಗಲು ರಾತ್ರಿ, ಹನಿ ಸುಖ, ವಿಮಾನದವನು ಗುರು. ಆ ಊರಿನಲ್ಲಿ ಹಾಲು ಕುಡಿಯುವ ಕೂಸಿಗೂ ಈ ಅರ್ಥ ಗೊತ್ತಿತ್ತು. ಒಳ್ಳೆಯ ಅರ್ಥವೇ, ನನ್ನ ತಕರಾರೇನೂ ಇಲ್ಲ.

ತಕರಾರು ಬಂದದ್ದು ಹಕ್ಕಸೋಡದಿಂದ. ನಮ್ಮ ಈ ಸೀಮೆಯಲ್ಲಿ ಹೆಣ್ಣುಮಕ್ಕಳು "ಹೊಲದಲ್ಲಿ ನನಗೆ ಹಕ್ಕಿಲ್ಲ" ಎಂದು ಬರೆದು ಸಹಿ ಮಾಡಿಕೊಡುವ ಕಾಗದಕ್ಕೆ ಹಕ್ಕಸೋಡ ಪತ್ರ ಎನ್ನುತ್ತಾರೆ. ಸಹಿ ಮಾಡಿದವಳಿಗೆ ಉಡಿ ತುಂಬಿ ಒಂದು ಸೀರೆ ಕೊಡುತ್ತಾರೆ. ಅಕ್ಕತಂಗಿಯರು ಕೊಡುತ್ತಾರೆ, ಮಕ್ಕಳಿಲ್ಲದ ವಿಧವೆಯರಿಂದಲೂ ಬರೆಸಿಕೊಳ್ಳುತ್ತಾರೆ. ಕಾಕುವಿನ ಗಂಡನ ಪಾಲಿಗೆ ನದಿಯ ಕಡೆ ಕರಿಮಣ್ಣಿನ ಹೊಲವಿತ್ತು. ಅವನ ವರ್ಷಾಂತಿಕ ಮುಗಿದದ್ದೇ ಆಕೆಯ ಭಾವ, ಆ ಮೈಕಿನ ಮುಂದಿನ ಮನುಷ್ಯ, ಊರ ಹಿರಿಯರನ್ನೂ ಬಸದಿಯ ಪಂಡಿತರನ್ನೂ ಕೂಡಿಸಿಕೊಂಡು ಕಾಕುವನ್ನು ಆ ಚಿತ್ರದ ಮುಂದೆ ಕರೆಸಿದ. ಜೊತೆಗೆ ಬಾ ಎಂದು ಆಕೆ ನನ್ನನ್ನೂ ಎಳೆದುಕೊಂಡು ಹೋದಳು. ಹೆಂಗಸರು ಕಂಬದ ಹಿಂದೆ ಸೇರಿದ್ದರು.

"ನೋಡು ತಂಗಿ," ಭಾವ ಮೆತ್ತಗೆ ಶುರು ಮಾಡಿದ, "ನಮ್ಮ ಹಿರ್ಯಾರು ಇದನ್ನ ಸುಮ್ಮನ ಬರಿಸಿಲ್ಲ. ಹೊಲಾ ಮನಿ ಅಂಬೂದೆಲ್ಲಾ ಆ ಜೇನಿನ ಹನಿ. ನಿನಗ ಹಿಂದಿಲ್ಲ ಮುಂದಿಲ್ಲ. ಒಂದ ಸಹಿ ಮಾಡಿ ಹಗರಾಗಿ ಬಿಡು. ನಿನ್ನ ಹೊಟ್ಟಿ ಬಟ್ಟಿ ನಾವು ನೋಡ್ತೀವಿ."

ಕಾಕು ಸೆರಗು ಬಾಯಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಅತ್ತೆಯ ಮನೆಗೆ ಬಂದಾಗಿನಿಂದ ದಿನವೂ ನೋಡಿದ ಚಿತ್ರ. ಆಮೇಲೆ ತಿರುಗಿ, "ಆನಿ ಕೊಳ್ಳಾಗ ಗಂಟಿ ಐತ್ರಿ" ಎಂದಳು.

"ಏನೈತಿ?"

"ಗಂಟಿ. ಕಾಡಾನಿಗೆ ಗಂಟಿ ಯಾರ ಕಟ್ತಾರ್ರಿ? ಇದು ಸಾಕಿದ ಆನಿ. ಈ ಬಡವನ ಮ್ಯಾಲ ಇದನ್ನ ಯಾರೋ ಬಿಟ್ಟಾರ. ಬಿಟ್ಟಾಂವ ಯಾರು ಅಂತ ಮೊದಲ ಹೇಳ್ರಿ. ಆಮ್ಯಾಲ ಸಹಿ ಮಾಡ್ತೀನಿ."

ಪಂಡಿತರು ಪಾಪ, ಒಳ್ಳೆಯ ಮನುಷ್ಯ. "ಅದು ಚಂದ ಕಾಣ್ಲಿ ಅಂತ ಚಿತ್ರಗಾರ ಹಾಕಿರ್ತಾನವ್ವಾ, ಅದಕ್ಕೇನ ಅರ್ಥ ಇಲ್ಲ" ಎಂದರು.

"ಇಲಿಗೆ ಅರ್ಥ ಐತಿ, ಹಾವಿಗೆ ಅರ್ಥ ಐತಿ, ಹುಳಾ ಹುಪ್ಪಡಿಗೂ ಅರ್ಥ ಐತಿ. ನನ್ನ ಪಾಲಿಗೆ ಬಂದಕೂಡ್ಲೆ ಅರ್ಥ ಇಲ್ಲಾತೇನ್ರಿ?"

ಕಂಬದ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಭಾವನಿಗೆ ಮುಳ್ಳಾಯಿತು. ಮರುದಿನದಿಂದ ಬಸದಿಗೆ ಬಂದ ಹೆಂಗಸರು ದೇವರಿಗಿಂತ ಮೊದಲು ಆನೆಯ ಕೊರಳು ನೋಡತೊಡಗಿದರು. ನಿಜಕ್ಕೂ ಇತ್ತು, ಸಣ್ಣ ಹಿತ್ತಾಳೆ ಬಣ್ಣದ ಗಂಟೆ, ಕಿವಿಯ ನೆರಳಿನಲ್ಲಿ. ಭಾವ ಬೀದಿಯಲ್ಲಿ ಹೋಗುವಾಗ "ಗಂಟಿ ಸಾವಕಾರ ಬಂದ" ಎನ್ನುವುದು ಶುರುವಾಯಿತು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಅನ್ನುವ ಗಂಡಸರು ಆ ಊರಿನಲ್ಲಿರಲಿಲ್ಲ.

ಗಂಟೆ ಸಿಕ್ಕ ಮೇಲೆ ಕಾಕುವಿಗೆ ಚಿತ್ರದ ಹುಚ್ಚೇ ಹಿಡಿಯಿತು. ಮಧ್ಯಾಹ್ನ ಪಶ್ಚಿಮದ ಕಿಟಕಿಯಿಂದ ಗೋಡೆಗೆ ಬಿಸಿಲು ಬೀಳುವ ಹೊತ್ತಿಗೆ ಹೋಗಿ ನಿಲ್ಲುತ್ತಿದ್ದಳು. ಕಂಡದ್ದನ್ನು ಬಂದು ಬಾಯಾರಿಗೆ, ಅಂದರೆ ಟೀಚರಾದ ನನಗೆ, ವರದಿ ಒಪ್ಪಿಸುವಳು. ಬಿಳಿ ಇಲಿ ಕರಿ ಇಲಿಗಿಂತ ದಪ್ಪಗಿದೆ ಎಂದಳು ಒಮ್ಮೆ. "ಹಗಲ ಹೆಚ್ಚ ತಿಂತೈತ್ರಿ ಬಾಯಾರ. ರಾತ್ರಿ ಹೆಂಗೋ ಕಳೀತೈತಿ. ರಂಡಿಮುಂಡ್ಯಾರನ್ನ ಕೇಳ್ರಿ, ಹೇಳ್ತಾರ." ಇನ್ನೊಮ್ಮೆ ವಿದ್ಯಾಧರನ ಸರದಿ. ಅವನ ಎರಡೂ ಕೈ ಸೊಂಟದ ಮೇಲಿವೆ, ಬಾವಿಯ ಕಡೆ ಬೆರಳು ಮಾಡುತ್ತಿರುವವಳು ಅವನ ಹೆಂಡತಿ. "ಅಂವಾ ಬರೇ ಮಾತಾಡಾಕ ಬಂದಾನ. ಎತ್ತಾವ್ನಾಗಿದ್ರ ಕೈ ಚಾಚ್ತಿದ್ದಿಲ್ಲೇನು?"

ಬಾವಿಯ ಕಟ್ಟೆಯ ಮೇಲೆ ಅಥಣಿ ಚಪ್ಪಲಿಯ ಜೋಡಿಯೊಂದನ್ನು ಹುಡುಕಿ ತೆಗೆದದ್ದೂ ಆಕೆಯೇ. ಆನೆಗೆ ಹೆದರಿ ಓಡಿ ಬಂದವನು ಚಪ್ಪಲಿ ಜೋಡಿಸಿಟ್ಟು ಇಳಿಯುತ್ತಾನೆಯೇ, ಇವನನ್ನು ಬೇರೆ ಯಾವುದೋ ಕೆಲಸಕ್ಕೆ ಬಾವಿಗೆ ಇಳಿಸಿದ್ದಾರೆ ಎಂದು ವಾದಿಸಿದಳು. ಅದನ್ನು ನಾನು ಒಪ್ಪಲಿಲ್ಲ. ಚಿತ್ರಗಾರ ತನ್ನ ಚಪ್ಪಲಿ ನೋಡಿ ಬರೆದಿರಬಹುದು ಎಂದೆ. ಇಬ್ಬರಿಗೂ ಮಾತಿಗೆ ಮಾತು ಬೆಳೆದು ಒಂದು ವಾರ ಮಾತು ಬಿಟ್ಟೆವು. ಹಿಂಡಿಯೂ ಬರಲಿಲ್ಲ.

ಭಾವನ ಮಗಳು ಒಬ್ಬಳಿದ್ದಳು, ನನ್ನ ತರಗತಿಯ ಹುಡುಗಿ. ದೊಡ್ಡವರ ಜಗಳ ತಲೆಗೆ ಹಾಕಿಕೊಳ್ಳದೆ ಕಾಕುವಿನ ಹಿತ್ತಲಬಾಗಿಲಿನಿಂದ ಬರುವಳು, ನಮ್ಮ ಜೊತೆ ಬಸದಿಗೂ ಬಂದು ಆನೆಯ ಗಂಟೆ ನೋಡುವಳು, ಆಕೆಯ ಹಾಗೆ ಒಂದು ಕಣ್ಣು ಮುಚ್ಚಿ ನಿಂತು ನಗಿಸುವಳು. "ಎರಡೂ ಕಣ್ಣ ತಗದ ನೋಡಲೇ, ನನಗ ಒಂದ ಕಣ್ಣಿಗೆ ಪೊರಿ ಬಂದೈತಿ" ಎಂದು ಕಾಕು ತಲೆಗೆ ಮೊಟಕುತ್ತಿದ್ದಳು. ಆ ಹುಡುಗಿಯ ಮೇಲೆ ಆಕೆಗೆ ಜೀವ. ಬಯ್ಯುವುದರಲ್ಲೇ ಗೊತ್ತಾಗುತ್ತಿತ್ತು.

ಸಹಿ ಮಾಡದ ಹೆಂಗಸನ್ನು ಊರು ಹೇಗೆ ನೋಡಿಕೊಳ್ಳುತ್ತದೆ ಎಂಬುದನ್ನು ಆ ವರ್ಷಗಳಲ್ಲಿ ಕಲಿತೆ. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ನದಿಯಿಂದ ಹೊಲಗಳಿಗೆ ನೀರೆತ್ತುವ ಪಂಪಿನ ಸರದಿಯಲ್ಲಿ ಕಾಕುವಿನ ಸರದಿ ಮಾತ್ರ ಬರುವುದನ್ನು ನಿಲ್ಲಿಸಿತು, ಅಷ್ಟೆ. ಕೇಳಿದರೆ ಮೋಟರು ಸುಟ್ಟಿದೆ, ಪೈಪು ಒಡೆದಿದೆ. ಸುತ್ತ ಮೂರು ದಿಕ್ಕಿಗೂ ಆಳೆತ್ತರದ ಕಬ್ಬು, ನಡುವೆ ಕಾಕುವಿನ ಒಣಹೊಲ. ಆಕೆ ಮಳೆ ನಂಬಿ ಜೋಳ, ಶೇಂಗಾ ಹಾಕಿದಳು. ಕೂಲಿಗೆ ಊರಿನವರು ಬರಲಿಲ್ಲವೆಂದು ಪಕ್ಕದೂರಿನಿಂದ ಆಳು ಕರೆದು ತಂದಳು. ಹೊಲ ತನ್ನ ಹೆಸರಿಗಾಗಲೆಂದು ಕೇಸು ಹಾಕಿದಳು. ಚಿಕ್ಕೋಡಿ ಕೋರ್ಟಿಗೆ ಕೆಂಪು ಬಸ್ಸಿನಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುವುದು, ಸಂಜೆ ಇನ್ನೊಂದು ತಾರೀಖು ಹಿಡಿದುಕೊಂಡು ಬರುವುದು. ಒಮ್ಮೆ ನಾನು, "ಸಾಕು ಬಿಡ್ರಿ ಕಾಕು, ಯಾಕ ಇಷ್ಟು ಜೀವಾ ತೇಯ್ತೀರಿ" ಎಂದುಬಿಟ್ಟೆ.

"ಹೊಲಾ ಇಲ್ಲಂದ್ರ ನಾ ಈ ಮನ್ಯಾಗ ಯಾರು?" ಎಂದಳು. "ಊಟಕ್ಕ ಕರದಾಗ ಉಣ್ಣಾಕಿ. ಅಷ್ಟ."

ಅಷ್ಟರಲ್ಲಿ ಬಸದಿಯ ಜೀರ್ಣೋದ್ಧಾರ ಬಂತು. ಈ ಕಡೆಯ ಬಸದಿಗಳಲ್ಲಿ ಪುಣ್ಯದ ಕೆಲಸಗಳಿಗೆ ಹರಾಜಿನಂತೆ ಸವಾಲು ಕೂಗುತ್ತಾರೆ. ಮೊದಲ ಅಭಿಷೇಕ ಯಾರದು, ಆರತಿ ಯಾರದು ಎಂದು. ಯಾರು ಹೆಚ್ಚು ಕೂಗಿದರೋ ಆ ಪುಣ್ಯ ಅವರದು. ಬಾವಿಯ ಚಿತ್ರಕ್ಕೆ ಹೊಸ ಬಣ್ಣ ಮಾಡಿಸುವ ಪುಣ್ಯಕ್ಕೂ ಸವಾಲಾಯಿತು. ಭಾವ ತಮ್ಮನ ಹೆಸರಿನಲ್ಲಿ ಕೂಗಿದ, ಯಾರೂ ಮುಟ್ಟಲಾರದಷ್ಟು ಕೂಗಿದ. ಜನ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಕಾಕು, "ಗಂಟಿ ತಗಿಸಾಕ ಇಷ್ಟ ಕೊಡಾಕತ್ತಾನ. ನನ್ನ ಗಂಡನ ಹೆಸರಿಲೆ" ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಇಚಲಕರಂಜಿಯಿಂದ ಸಿನಿಮಾ ಬೋರ್ಡು ಬರೆಯುವ ಪೇಂಟರ್ ಬಂದ. ಮರಾಠಿಯವನು, ಬಾಯಿ ತುಂಬ ತಂಬಾಕು. ಹಳೆಯ ಬಣ್ಣ ಕೆರೆದು ಎನಾಮಲ್ ಬಳಿಯುವುದು ಅವನ ಕೆಲಸ. ಕೆರೆಯತೊಡಗಿದ ಎರಡನೆಯ ಮಧ್ಯಾಹ್ನ ಕಾಕು ಶಾಲೆಗೇ ಬಂದು, ಪಾಠದ ನಡುವೆ ನನ್ನನ್ನು ಹೊರಗೆ ಕರೆದಳು. ಬಸದಿಯಲ್ಲಿ ಪೇಂಟರ್ ಏಣಿಯ ಮೇಲಿದ್ದ. ಆನೆಯ ಬೆನ್ನಿನ ಜಾಗ ಕೆರೆದಿದ್ದ. ಮೇಲಿನ ಮರದ ಹಸಿರಿನ ಕೆಳಗೆ ಇನ್ನೊಂದು ಬಣ್ಣವಿತ್ತು.

"ಇಕಡೆ ಬಘಾ ಬಾಯಿ, ಮಾಹುತ ಆಹೇ. ಮಾವುತ, ಮಾವುತ," ಎಂದ ಪೇಂಟರ್, ಬ್ರಷ್ಷಿನ ಹಿಡಿಯಿಂದ ತೋರಿಸುತ್ತ.

ಇದ್ದ. ಆನೆಯ ಕುತ್ತಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತ ಮನುಷ್ಯ, ತಲೆಗೆ ಕೆಂಪು ರುಮಾಲು, ಕೈಯಲ್ಲಿ ಅಂಕುಶ. ಮುಖ ಬಾವಿಯ ಕಡೆಗೆ. ಯಾರೋ ಹಿಂದೊಮ್ಮೆ ಅವನ ಮೇಲೆ ಮರದ ಎಲೆಗಳನ್ನು ಬರೆಸಿ ಮುಚ್ಚಿಸಿದ್ದರು. ಗಂಟೆಯನ್ನು ಮುಚ್ಚಿಸಲು ಮರೆತಿದ್ದರು. ಬಸದಿಯ ಬಾಗಿಲ ಪಕ್ಕದ ಕಲ್ಲಿನಲ್ಲಿ ಆ ಹಿಂದಿನ ಸಲ ಬಣ್ಣ ಮಾಡಿಸಿದವರ ಹೆಸರಿದೆ. ಕಾಕುವಿನ ಮಾವನ ಅಪ್ಪ. ಆ ಕಾಲದಲ್ಲಿ ಯಾವ ವಿಧವೆಯನ್ನು ಅದರ ಮುಂದೆ ನಿಲ್ಲಿಸಿದ್ದರೋ, ಆಕೆ ಏನು ಕೇಳಿದ್ದಳೋ, ಗೊತ್ತಾಗುವ ದಾರಿಯಿಲ್ಲ. ಸುಮ್ಮನೆ ಅಂದವಾಗಲಿ ಎಂದೇ ಎಲೆ ಬರೆಸಿರಬಹುದು. ನನಗೆ ಮಾತ್ರ ಆ ಮನೆತನದ ಬಗ್ಗೆ ಹಾಗೆ ಯೋಚಿಸಲು ಮನಸ್ಸು ಬರಲಿಲ್ಲ.

ಕಾಕು ಕೆಳಗೆ ಕೂತುಬಿಟ್ಟಳು. ಬಿಸಿಲು ಗೋಡೆಯಿಂದ ಜಾರುವವರೆಗೂ ಕೂತಿದ್ದಳು. "ನನಗ ತೆಲಿ ಕೆಟ್ಟೈತಿ ಅಂತಿದ್ರು" ಎಂದಳು ಕೊನೆಗೆ. "ನೀವ ನೋಡಿದ್ರಿಲ್ಲ ಬಾಯಾರ?"

"ನೋಡೀನಿ ಕಾಕು."

ಊರಿನ ಹೆಂಗಸರನ್ನೆಲ್ಲ ಕರೆದು ತೋರಿಸೋಣ ಎಂದು ಮರುದಿನ ಬೆಳಿಗ್ಗೆ ಮನೆಮನೆಗೆ ಹೋದೆವು. ಬಂದವರು ಮೂವರೋ ನಾಲ್ವರೋ. ನಾವು ಹೋಗುವಷ್ಟರಲ್ಲಿ ಭಾವ ಕುರ್ಚಿ ಹಾಕಿಕೊಂಡು ಕೂತಿದ್ದ, ಪೇಂಟರ್ ಹಸಿರು ಡಬ್ಬಿ ತೆರೆದು ಬಳಿದು ಮುಗಿಸಿದ್ದ. ಮಾವುತ ಹೋದ, ಗಂಟೆ ಹೋಯಿತು, ಚಪ್ಪಲಿ ಹೋಯಿತು. ವಿದ್ಯಾಧರನಿಗೆ ಎರಡೂ ಕೈ ಮುಂದೆ ಚಾಚಿಸಿದರು. ಇಲಿಗಳು ಒಂದೇ ಅಳತೆಯವಾದವು. ಆನೆ ಕೆಂಗಣ್ಣು ತೆರೆದುಕೊಂಡು ಸಿನಿಮಾದ ಖಳನಂತೆ ನಿಂತಿತು. ಈಗಲೂ ಹೋದರೆ ಅದನ್ನೇ ನೋಡುತ್ತೀರಿ. ನೋಡಿದವರೆಲ್ಲ ಎಷ್ಟು ಕಳೆಯಾಗಿದೆ ಎನ್ನುತ್ತಾರೆ.

ಗಂಟೆ ನೋಡಿ ನಕ್ಕಿದ್ದ ಹೆಂಗಸರು, "ಇತ್ತೇನೋಪಾ, ನಮಗೇನ ಗೊತ್ತು" ಎನ್ನಲು ಶುರು ಮಾಡಲು ಬಹಳ ಕಾಲ ಬೇಕಾಗಲಿಲ್ಲ. ಅದು ನನಗೆ ಭಾವನ ಕೆಲಸಕ್ಕಿಂತ ಹೆಚ್ಚು ಸಿಟ್ಟು ತಂದಿತು. ಕಾಕು ಮತ್ತೆ ಆ ಗೋಡೆಯ ಮುಂದೆ ನಿಲ್ಲಲಿಲ್ಲ.

ಆದರೆ ಕೇಸು ಬಿಡಲಿಲ್ಲ. ತೊಂಬತ್ತರ ದಶಕ ಶುರುವಾಗಿ ಕೆಲವು ವರ್ಷಕ್ಕೆ ಹೊಲ ಆಕೆಯ ಹೆಸರಿಗಾಯಿತು. ಉತಾರಿನಲ್ಲಿ, ಅಂದರೆ ಪಹಣಿಯಲ್ಲಿ, ತನ್ನ ಹೆಸರು ಬಂದ ದಿನ ಪೇಢೆ ಹಂಚಲಿಲ್ಲ, ದೇವರಿಗೆ ಹೋಗಲಿಲ್ಲ. ಹೊಲದ ಬದುವಿನ ಮೇಲೆ ಕೂತು ಸಂಜೆಯವರೆಗೂ ಕಾಗೆಗಳನ್ನು ಬಯ್ದಳಂತೆ. ನೀರಂತೂ ಬರಲಿಲ್ಲ. ಕೋರ್ಟು ಹೊಲ ಕೊಟ್ಟಿತು, ಪಂಪಿನ ಸರದಿ ಊರಿನ ಕೈಯಲ್ಲಿತ್ತು.

ಅಷ್ಟೊತ್ತಿಗೆ ನನಗೆ ಚಿಕ್ಕೋಡಿಗೆ ವರ್ಗವಾಗಿತ್ತು. ಒಂದು ದಿನ ಕಾಕು ನನ್ನ ಮನೆಗೆ ಬಂದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ, ನಾಲಿಗೆ ಮಾತ್ರ ಹಾಗೇ ಇತ್ತು. ನನ್ನ ರೊಟ್ಟಿ ದಪ್ಪವಾಯಿತೆಂದು ಹೇಳಿ, ಎರಡು ತಿಂದು, ತಾನು ಮೃತ್ಯುಪತ್ರ, ಅಂದರೆ ಉಯಿಲು, ನೋಂದಾಯಿಸಿ ಬಂದದ್ದಾಗಿ ತಿಳಿಸಿದಳು. ಹೊಲ ಭಾವನ ಮಗಳ ಹೆಸರಿಗೆ. ಹುಡುಗಿಯನ್ನು ಮಂಗಸೂಳಿ ಎಂಬ ಊರಿಗೆ ಕೊಟ್ಟಿದ್ದರು, ಎರಡು ಮಕ್ಕಳಾಗಿದ್ದವು.

"ಅವರ ಮನಿ ಹುಡುಗೀಗೇ ಯಾಕ ಕಾಕು?"

"ಆಕಿ ಗಂಟಿ ನೋಡ್ಯಾಳ" ಎಂದಳು. "ಕಣ್ಣಾರೆ ನೋಡಿದಾಕಿ ಬಿಡೂದಿಲ್ಲ. ಹೊಲದಾಗ ನಿಂತು ಇದು ನಂದು ಅಂತ ಒಂದ ಹೆಣ್ಣ ಅನ್ನಬೇಕ್ರಿ. ನಾ ಅಂದೆ. ನನ್ನ ಹಿಂದ ಆಕಿ ಅಂತಾಳ." ಹೇಳುವಾಗ ಮುಖ ಅರಳಿತ್ತು. ಅಷ್ಟು ಸಂತೋಷದಲ್ಲಿ ನಾನು ಆಕೆಯನ್ನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ನೋಡಲು ಆಕೆಯೇ ಇರಲಿಲ್ಲ.

ಶೋಕಸಭೆಯ ವಿಷಯ ಹೇಳಿದೆನಲ್ಲ. ಅದಾದ ಮೇಲೆ ತಿಂಗಳು ತುಂಬಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಗಿ ತೆಗೆದರೆ ಆ ಹುಡುಗಿ ನಿಂತಿದ್ದಾಳೆ. ಹಣೆ ತುಂಬ ಕುಂಕುಮ, ಉಡಿಯಲ್ಲಿ ಕಾಯಿ, ಕೈಯಲ್ಲಿ ಪೇಢೆಯ ಪೊಟ್ಟಣ. ಬೀದಿಯಲ್ಲಿ ಅವಳ ಇಬ್ಬರು ತಮ್ಮಂದಿರು ಜೀಪಿನ ಹತ್ತಿರ ಕಾಯುತ್ತಿದ್ದರು. ರಿಜಿಸ್ಟ್ರಾರ್ ಕಚೇರಿಯಿಂದ ನೆಟ್ಟಗೆ ಬಂದಿದ್ದಳು.

"ಅಪ್ಪ ಭಾಳ ಛಲೋ ಸೀರಿ ತಂದಾನ್ರಿ ಬಾಯಾರ, ನೋಡ್ರಿ" ಎಂದು ಬಿಚ್ಚಿ ತೋರಿಸಿದಳು.

ನಾನು ಸೀರೆಯನ್ನು ನೋಡಲಿಲ್ಲ. "ಸಹಿ ಮಾಡಿದ್ಯಾ?" ಎಂದೆ.

"ಮಾಡೀನ್ರಿ."

"ಗಂಟಿ ನೋಡಿದ್ಯಲ್ಲ ನೀನು. ನನ್ನ ಮುಂದ ನೋಡಿದಿ."

ಅವಳು ಸೀರೆ ಮಡಚತೊಡಗಿದಳು. ಮಡಚುತ್ತ ಮಡಚುತ್ತ ಕಣ್ಣು ತುಂಬಿದವು. "ನೋಡೀನ್ರಿ. ಇಲ್ಲಂತ ನಾ ಎಲ್ಲಿ ಅಂದೆ? ಆದ್ರ ಹೊಲಾ ತಗೊಂಡ್ರ ನನಗ ತವರಮನಿ ಎಲ್ಲಿ ಉಳಿತೈತ್ರಿ? ನಾಗರ ಪಂಚಮಿಗೆ ಕರಿಯಾಕ ಯಾರ ಬರ್ತಾರ? ಕಾಕುಗ ಯಾರೂ ಇದ್ದಿಲ್ಲ, ಆಕಿ ಜಗಳಾಡಿದ್ಲು. ನನಗ ತಮ್ಮಗೋಳ ಅದಾರಲ್ರಿ."

ಬಯ್ಯಬೇಕೆಂದು ಬಾಯಿ ತೆರೆದೆ. ಆದರೆ ನನಗೂ ಅಣ್ಣಂದಿರಿದ್ದಾರೆ. ಒಳಗೆ ಹೋಗಿ ಚಹಾ ಮಾಡಿ ತಂದೆ, ಕುಡಿದಳು, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು.

ಆ ಸಲದ ಪಂಚಮಿಗೆ ಅವಳು ಉಂಡಿ ಕಟ್ಟಿ, ಮಕ್ಕಳಿಗೆ ಹೊಸ ಅಂಗಿ ತೊಡಿಸಿ, ಮಂಗಸೂಳಿಯ ಬಸ್ ಸ್ಟ್ಯಾಂಡಿನ ಕಡೆ ನೋಡುತ್ತ ಕೂತಿದ್ದಳೆಂದು ಅವಳ ನಾದಿನಿಯಿಂದ ಕೇಳಿದೆ. ಕರೆಯಲು ಯಾರೂ ಬರಲಿಲ್ಲ. ತಮ್ಮಂದಿರಿಗೆ ಆ ವಾರ ಪುರುಸೊತ್ತಿರಲಿಲ್ಲ. ಕಾಕುವಿನ ಹೊಲಕ್ಕೆ ಪೈಪ್‌ಲೈನ್ ಹಾಕಿಸುತ್ತಿದ್ದರು.